ಫೈಲ್ ಹೋಟೆಲ್

ಎಪ್ಪತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ, ಬೆಳಗ್ಗೆ ಏಳಕ್ಕೆ ಚರ್ಚಿನ ಗಂಟೆ, ಆದರೆ ಬಿಸಿನೀರಿಗೆ ಮೋಸವಿಲ್ಲ. ಫ್ಲಾರೆನ್ಸಿನ ಹೋಟೆಲೊಂದರ ಬಗ್ಗೆ ಯಾರೋ ಬರೆದಿದ್ದ ದೂರನ್ನು ರಮ್ಯಶ್ರೀ ಕಂಪ್ಯೂಟರಿನಲ್ಲಿ ಓದುತ್ತಿದ್ದಾಗ ಗಾಜಿನ ಬಾಗಿಲು ತಳ್ಳಿಕೊಂಡು ಹೆಂಗಸೊಬ್ಬರು ಒಳಗೆ ಬಂದರು. ಒಂದು ಮಹಡಿ ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದರು. ಎದೆಗೆ ಒತ್ತಿಕೊಂಡಿದ್ದ ನೀಲಿ ಪ್ಲಾಸ್ಟಿಕ್ ಫೈಲಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ಅವರ ಮುಖ ನೋಡಿ ಗುರುತು ಸಿಗಲಿಲ್ಲ. ಫೈಲು ನೋಡಿ ಸಿಕ್ಕಿತು. ಅನಂತಲಕ್ಷ್ಮಿ. ಬಸವೇಶ್ವರನಗರದ ವೆಂಕಟಗಿರಿಯವರ ಹೆಂಡತಿ. ಮೇ ತಿಂಗಳಲ್ಲಿ ಇಬ್ಬರೂ ಇದೇ ಆಫೀಸಿನ ಮೂಲಕ ಫ್ಲಾರೆನ್ಸಿಗೆ ಹೋಗಿ ಬಂದಿದ್ದರು.

"ಓಹೋ, ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ಮಾಲೀಕ ಲಕ್ಷ್ಮೀಪತಿ ಒಳಗಿನ ಟೇಬಲಿನಿಂದಲೇ ಕೂಗಿದ. "ಹೆಂಗಿದಾರೆ ಸಾರ್? ಮುಂದಿನ ಟೂರ್ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ."

ರಮ್ಯಶ್ರೀ ತಲೆ ಬಗ್ಗಿಸಿ ಮೆಟ್ಟಿಲಿನ ಲೆಕ್ಕ ಬರೆದುಕೊಂಡಳು. ಆರ್‌ಪಿಸಿ ಲೇಔಟಿನ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ಈ ಟೂರ್ ಆಫೀಸಿನಲ್ಲಿ ಅವಳಿಗೆ ನಾಲ್ಕನೇ ವರ್ಷ. ಇಟಲಿ ಅವಳ ಪಾಲಿನದು. ವಿಮಾನದೊಳಗೆ ಅವಳು ಒಂದು ಸಲವೂ ಕಾಲಿಟ್ಟಿರಲಿಲ್ಲ, ಆದರೆ ಫ್ಲಾರೆನ್ಸಿನಲ್ಲಿ ಯಾವ ಗಲ್ಲಿಯ ಕೋಣೆಗೆ ಕಿಟಕಿಯಿಲ್ಲ, ಯಾವ ಮಠದ ಕ್ರೈಸ್ತ ಸನ್ಯಾಸಿನಿಯರು ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುತ್ತಾರೆ, ಯಾವ ಹೋಟೆಲಿನ ಬೆಳಗಿನ ತಿಂಡಿ ಬರೀ ಒಣ ಬ್ರೆಡ್ಡು, ಎಲ್ಲ ಬಾಯಿಪಾಠವಾಗಿತ್ತು. ಹೊಗಳಿಕೆಯನ್ನು ಅವಳು ಓದುತ್ತಲೇ ಇರಲಿಲ್ಲ. ಕಡಿಮೆ ನಂಬರು ಕೊಟ್ಟವರ ದೂರನ್ನು ಮೊದಲು ಓದುತ್ತಿದ್ದಳು; ಕೋಣೆ ನಿಜವಾಗಿ ಹೇಗಿದೆಯೆಂಬುದು ಕಾಣುವುದು ಅಲ್ಲಿಯೇ. ಸ್ಟೇಷನ್ನಿನ ಹತ್ತಿರ, ದೊಡ್ಡ ಚರ್ಚಿನ ಸುತ್ತ ಬಾಡಿಗೆ ಜಾಸ್ತಿ. ಸೇತುವೆ ದಾಟಿ ನದಿಯ ಆಚೆ ದಡಕ್ಕೆ ಹೋದರೆ ಅರ್ಧ. ರಾಜಾಜಿನಗರದಲ್ಲಿ ಮನೆ ಸಿಗದವರು ಊರಂಚಿನ ಉಲ್ಲಾಳಕ್ಕೆ ಬಂದ ಹಾಗೆಯೇ. ಅವಳು ಉಲ್ಲಾಳದವಳಾದ್ದರಿಂದ ಇದು ಬೇಗ ತಲೆಗೆ ಹತ್ತಿತ್ತು.

ಅನಂತಲಕ್ಷ್ಮಿ ಫೈಲು ಬಿಚ್ಚಿ ಒಂದು ಹಾಳೆ ತೆಗೆದರು. ಸ್ಟೇಷನ್ನಿನ ಪಕ್ಕದ ಹೋಟೆಲಿನ ಬುಕಿಂಗ್ ಪತ್ರ. ಮಡಿಸಿ ಬಿಚ್ಚಿ ಮಡಿಸಿ ಅದು ಬಟ್ಟೆಯ ಹಾಗೆ ಮೆತ್ತಗಾಗಿತ್ತು.

"ಇದನ್ನ ನಮ್ಮನೆಯವ್ರು ಎರಡು ತಿಂಗಳು ಓದಿದಾರೆ. ಹೋಟೆಲ್ ಬಾಗಿಲು ಹಸಿರು ಬಣ್ಣ, ಲಿಫ್ಟ್ ಇದೆ, ಕೆಳಗೊಂದು ಔಷಧಿ ಅಂಗಡಿ ಇದೆ ಅಂತ ನನಗೂ ಬಾಯಿಪಾಠ ಮಾಡಿಸಿದ್ರು. ಅಲ್ಲಿಗೆ ಹೋದ್ರೆ ಬುಕಿಂಗೇ ಇಲ್ಲ ಅಂದ್ರು. ಈಗ ನನಗೆ ಒಂದೇ ಒಂದು ಹೇಳಿ. ಹೋಟೆಲ್ ಬದಲಾಗಿದೆ ಅಂತ ನೀವು ಅವ್ರಿಗೆ ನಿಜವಾಗ್ಲೂ ಹೇಳಿದ್ರಾ?"

ಆಫೀಸಿನಲ್ಲಿ ಆ ಹಾಳೆಗೆ ಫೈಲ್ ಹೋಟೆಲ್ ಎಂದು ಹೆಸರು. ವೀಸಾ ಕೊಡುವವರಿಗೆ ತೋರಿಸಲು ಒಂದು ಒಳ್ಳೆಯ ಹೋಟೆಲನ್ನು ಬುಕ್ ಮಾಡಿ ಫೈಲಿಗೆ ಸೇರಿಸುವುದು, ವೀಸಾ ಬಂದ ದಿನವೇ ಅದನ್ನು ರದ್ದು ಮಾಡಿ ಕಡಿಮೆ ಬಾಡಿಗೆಯದೊಂದನ್ನು ಹುಡುಕುವುದು. ಎರಡನೆಯದು ಮಲಗೋ ಹೋಟೆಲ್. ಎಲ್ಲ ಟೂರ್ ಆಫೀಸಿನವರೂ ಹೀಗೇ ಮಾಡುತ್ತಿದ್ದರು. ಮಲಗೋ ಹೋಟೆಲಿನ ವಿವರ, ಹೊರಡುವ ಮೊದಲು ಮೊಬೈಲಿಗೆ ಬರುವ ನಲವತ್ತು ಪುಟದಲ್ಲಿ ಎಲ್ಲೋ ಇರುತ್ತಿತ್ತು. ಅದನ್ನು ಯಾರೂ ಓದುವುದಿಲ್ಲವಾದ್ದರಿಂದ ರಮ್ಯಶ್ರೀ ಪ್ರತಿಯೊಬ್ಬರಿಗೂ ಫೋನ್ ಮಾಡಿ ಬಾಯಿಮಾತಿನಲ್ಲಿ ಹೇಳಿ, ರಿಜಿಸ್ಟರಿನಲ್ಲಿ 'ತಿಳಿಸಿದೆ' ಎಂಬ ಕಾಲಮ್ಮಿನಲ್ಲಿ ಟಿಕ್ ಹಾಕಬೇಕಿತ್ತು.

ಲಕ್ಷ್ಮೀಪತಿ ರಿಜಿಸ್ಟರ್ ತಂದು ಅನಂತಲಕ್ಷ್ಮಿಯವರ ಮುಂದೆ ತೆರೆದ. "ನೋಡಿ ಮೇಡಂ. ಮೇ ಒಂಬತ್ತು, ಶುಕ್ರವಾರ. ಸಾರ್ ಹೆಸರು, ಪಕ್ಕದಲ್ಲಿ ಟಿಕ್ಕು. ನಮ್ಮಲ್ಲಿ ಎಲ್ಲ ಪಕ್ಕಾ."

ಆ ಶುಕ್ರವಾರ ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ರಮ್ಯಶ್ರೀ ಎಂಟು ಜನಕ್ಕೆ ಫೋನ್ ಮಾಡಿದ್ದಳು. ಅಷ್ಟರಲ್ಲಿ ಹನಿಮೂನಿಗೆ ಹೊರಟಿದ್ದ ಜೋಡಿಯೊಂದಕ್ಕೆ ವೀಸಾ ಸಿಗಲಿಲ್ಲವೆಂದು ಸುದ್ದಿ ಬಂತು. ಹುಡುಗಿಯ ಅಪ್ಪ ಆಫೀಸಿಗೆ ಬಂದು ಬಾಯಿಗೆ ಬಂದಂತೆ ಬೈದ. ಅವನು ಹೋಗುವ ಹೊತ್ತಿಗೆ ಸಂಜೆಯಾಗಿತ್ತು. ಅವಳು ಹನ್ನೊಂದಕ್ಕೂ ಟಿಕ್ ಹಾಕಿ ಎದ್ದಳು. ಸೋಮವಾರ ಮಾಡಿದರಾಯಿತು ಎಂದುಕೊಂಡಳು. ಸೋಮವಾರ ಇಬ್ಬರಿಗೆ ಮಾಡಿದಳು.

ಮಂಗಳವಾರ ಸಂಜೆ ಆರು ಗಂಟೆಗೆ, ಅವಳು ಬ್ಯಾಗು ಹೆಗಲಿಗೇರಿಸಿ ದೀಪ ಆರಿಸುತ್ತಿದ್ದಾಗ ಫೋನು ಬಂತು. ಫ್ಲಾರೆನ್ಸಿನಲ್ಲಿ ಆಗ ಮಧ್ಯಾಹ್ನ ಎರಡೂವರೆ.

"ರಮ್ಯಶ್ರೀನಾ? ನಾನಮ್ಮ, ವೆಂಕಟಗಿರಿ. ಹೋಟೆಲ್ ಮುಂದೆ ನಿಂತಿದೀವಿ. ನಮ್ಮ ಹೆಸರಲ್ಲಿ ಏನೂ ಇಲ್ಲ ಅಂತಿದಾಳೆ ಈ ಹುಡುಗಿ. ಏಪ್ರಿಲಲ್ಲೇ ಕ್ಯಾನ್ಸಲ್ ಆಗಿದೆಯಂತೆ. ಏನೋ ಮಿಸ್ಟೇಕ್ ಆಗಿರ್ಬೇಕು, ನೋಡ್ತೀಯಾ?"

ಅವಳಿಗೆ ತಕ್ಷಣ ಗೊತ್ತಾಯಿತು. ಆರು ಇಪ್ಪತ್ತರ ಬಸ್ಸು ತಪ್ಪಿದರೆ ಉಲ್ಲಾಳಕ್ಕೆ ಇನ್ನೊಂದು ಗಂಟೆ ಕಾಯಬೇಕು. ಅದೂ ಗೊತ್ತಿತ್ತು.

"ಸಾರ್, ಅದು ವೀಸಾ ಫೈಲಿಗೆ ಹಾಕಿದ್ದು. ನಿಮ್ಮ ರೂಮು ಬೇರೆ ಕಡೆ, ಸೇತುವೆ ದಾಟಿ ಹೋಗ್ಬೇಕು. ಹೇಳಿದ್ನಲ್ಲ ಸಾರ್?"

"ಹೇಳಿದ್ಯಾ?"

ಕಂಪನಿಯ ತಪ್ಪಿದ್ದಾಗ ಸುಮ್ಮನೆ 'ಹೇಳಿದ್ದೆ' ಅನ್ನಬಾರದು, ಯಾವ ವಾರ, ಯಾವ ಹೊತ್ತು ಎಂದೂ ಸೇರಿಸಬೇಕು ಎಂದು ಲಕ್ಷ್ಮೀಪತಿ ಅವಳಿಗೆ ಕೆಲಸಕ್ಕೆ ಸೇರಿದ ತಿಂಗಳೇ ಕಲಿಸಿದ್ದ. ಆಗ ಕಸ್ಟಮರು ವಾದ ಮಾಡುವುದಿಲ್ಲ.

"ಶುಕ್ರವಾರ ಬೆಳಗ್ಗೆ ಫೋನ್ ಮಾಡಿದ್ದೆ ಸಾರ್. ನೀವು ಹಾಲಿನ ಬೂತಿಗೆ ಬಂದಿದೀನಿ ಅಂದ್ರಿ. ಮರ್ತೋಯ್ತಾ?"

ಆ ಕಡೆಯಿಂದ ಯಾವುದೋ ಸೈಕಲ್ಲಿನ ಬೆಲ್ಲು, ಕಲ್ಲಿನ ಮೇಲೆ ಸೂಟ್‌ಕೇಸಿನ ಚಕ್ರ ಉರುಳುವ ಸದ್ದು. ಆಮೇಲೆ ಅವರು ಬಹಳ ಮೆಲ್ಲಗೆ, "ಹೌದೇನಮ್ಮ. ಹಾಗಾದ್ರೆ ನಂದೇ ತಪ್ಪು. ಸಾರಿ ಕಣಮ್ಮ, ಹೊತ್ತಲ್ಲದ ಹೊತ್ತಲ್ಲಿ ತೊಂದ್ರೆ ಕೊಟ್ಟೆ," ಎಂದರು. ಅವಳು ವಿಳಾಸ ಕಳಿಸಿದಳು. ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು.

ಈಗ ಅನಂತಲಕ್ಷ್ಮಿ ರಿಜಿಸ್ಟರಿನ ಟಿಕ್ಕನ್ನೇ ನೋಡುತ್ತಿದ್ದರು.

"ನಲವತ್ತು ವರ್ಷದಲ್ಲಿ ಒಂದು ಕಾಗದ ತಪ್ಪಿಸಿದವ್ರಲ್ಲ ಅವ್ರು," ಎಂದರು. "ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಡಿಸ್ಪ್ಯಾಚ್ ಸೆಕ್ಷನ್ನು. ಅಲ್ಲಿಗೊಂದು ಇಟಲಿ ಮಷೀನ್ ಬಂದಿತ್ತಂತೆ, ಅದರ ಕಂಪನಿಯವ್ರು ವರ್ಷಾ ವರ್ಷಾ ಕ್ಯಾಲೆಂಡರ್ ಕಳಿಸ್ತಿದ್ರು. ಅದರಲ್ಲಿ ಆ ಚರ್ಚಿನ ಗುಮ್ಮಟ. ಅದನ್ನ ಹತ್ತಬೇಕು ಅಂತ ಆಸೆ. ಹೋಗೋ ಮುಂಚೆ ದಿನಾ ಬೆಳಗ್ಗೆ ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತಿ ಇಳಿದು ಪ್ರಾಕ್ಟೀಸ್ ಮಾಡಿದ್ರು. ಸೆಕ್ಯೂರಿಟಿಯವನು ಏನ್ ಸಾರ್, ಟ್ರೈನ್ ಹತ್ತಲ್ವಾ ಅಂತ ನಗ್ತಿದ್ದ."

"ಹತ್ತಿದ್ರಾ ಮೇಡಂ, ಗುಮ್ಮಟ?" ಲಕ್ಷ್ಮೀಪತಿ ಕೇಳಿದ.

"ಟಿಕೆಟ್ ಇತ್ತು. ಅದರ ಮೇಲೆ ತಾರೀಖು, ಟೈಮು, ಹೆಸರು, ಎಲ್ಲ ಇತ್ತು. ಮೂರು ಸಲ ನನ್ನ ಕೈಲಿ ಓದಿಸಿದ್ರು. ಬಾಗಿಲ ಹತ್ರ ಹೋಗಿ, ಬೇಡ ಲಕ್ಷ್ಮಿ, ಇದೂ ನಾನು ತಪ್ಪು ತಿಳ್ಕೊಂಡಿದ್ರೆ ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ಅಂದ್ರು. ಹೊರಗೆ ಒಂದು ಕಲ್ಲಿನ ಕಟ್ಟೆ ಮೇಲೆ ಮಧ್ಯಾಹ್ನದವರೆಗೂ ಕೂತಿದ್ವಿ. ಆರು ದಿನಾನೂ ಹಾಗೇ."

ವಾಪಸು ಬಂದ ಮೇಲೆ ಮಗ ಅಭಿನವ್‌ಗೆ ವಿಷಯ ಗೊತ್ತಾಯಿತಂತೆ. ಅವನು ಕೆಂಗೇರಿಯಲ್ಲಿದ್ದ. ಅವನ ಹೆಂಡತಿಯ ಅಜ್ಜನಿಗೆ ಮರೆವಿನ ಕಾಯಿಲೆ ಹೀಗೇ ಶುರುವಾಗಿತ್ತು. ಅವನು ಹೆದರಿದ. ಸ್ಕೂಟರ್ ಕೀ ತೆಗೆದುಕೊಂಡು ಹೋದ, ಬ್ಯಾಂಕ್ ಕಾರ್ಡ್ ತೆಗೆದುಕೊಂಡು ಹೋದ, ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬರುವ ಸೋಮವಾರ ಮನೆಯನ್ನು ಮಗನ ಹೆಸರಿಗೆ ಬರೆಯಲು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ತಲೆ ನೆಟ್ಟಗಿರುವಾಗಲೇ ಮಾಡಿಬಿಡಬೇಕೆಂದು ವೆಂಕಟಗಿರಿಯವರೇ ಹೇಳುತ್ತಿದ್ದಾರೆ.

"ಬೇರೆ ಏನನ್ನೂ ಮರ್ತಿಲ್ಲ ಅವ್ರು," ಎಂದರು ಅನಂತಲಕ್ಷ್ಮಿ. "ಇದೊಂದೇ. ಅದಕ್ಕೇ ನನಗೆ ಅನುಮಾನ."

ಲಕ್ಷ್ಮೀಪತಿ ಕುರ್ಚಿ ತಿರುಗಿಸಿದ. "ರಮ್ಯ, ನೀನೇ ಅಲ್ವಾ ಫೋನ್ ಮಾಡಿದ್ದು? ಹೇಳಿದ್ದೆ ತಾನೆ?"

ಇಬ್ಬರೂ ಅವಳನ್ನು ನೋಡಿದರು. ಲಕ್ಷ್ಮೀಪತಿಯ ಮುಖದಲ್ಲಿ ಯಾವ ಬೆದರಿಕೆಯೂ ಇರಲಿಲ್ಲ. ಊಟ ಆಯಿತಾ ಎಂದು ಕೇಳುವ ಹಾಗೆ ಕೇಳಿದ್ದ.

"ಹೇಳಿದ್ದೆ ಸಾರ್," ಎಂದಳು.

ಅನಂತಲಕ್ಷ್ಮಿ ಹಾಳೆಯನ್ನು ಅದರ ಹಳೆಯ ಗೆರೆಗಳ ಮೇಲೆಯೇ ಮಡಿಸಿ ಫೈಲಿಗೆ ಹಾಕಿದರು. "ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ನೀನು ಮರ್ತಿರಬಹುದೇನೋ ಅಂತ ಒಂದು ಆಸೆ ಇತ್ತು, ಅಷ್ಟೆ," ಎಂದು ಎದ್ದರು. ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ನಿಲ್ಲುತ್ತಿದ್ದುದು ಮೇಲಿನವರೆಗೂ ಕೇಳಿಸಿತು.

ಸದ್ದು ನಿಂತ ಮೇಲೆ ರಮ್ಯಶ್ರೀ, "ಸಾರ್, ನಾನು ಅವತ್ತು ಫೋನ್ ಮಾಡಿರ್ಲಿಲ್ಲ," ಎಂದಳು.

"ಅದನ್ನ ನನಗ್ಯಾಕೆ ಹೇಳ್ತೀಯ ಈಗ?" ಲಕ್ಷ್ಮೀಪತಿ ರಿಜಿಸ್ಟರ್ ಮುಚ್ಚಿದ. "ನಾನು ಕೇಳ್ದಾಗ ಒಂದು ಹೇಳಿದ್ಯಲ್ಲ, ಅದೇ ಇರ್ಲಿ. ಅರವತ್ತೇಳು ವಯಸ್ಸು ಆ ಮನುಷ್ಯಂಗೆ. ಇವತ್ತಲ್ಲ ನಾಳೆ ಬರ್ತಿತ್ತು."

"ಅವ್ರಿಗೆ ಏನೂ ಆಗಿಲ್ಲ ಸಾರ್. ನಾನು ಸುಳ್ಳು ಹೇಳಿದ್ದಕ್ಕೆ..."

"ಲೇ, ದಸರಾಕ್ಕೆ ಇಪ್ಪತ್ತೆರಡು ಜನ ಬುಕ್ ಆಗಿದಾರೆ. ಆಫೀಸಿನ ಹೆಸರು ಕೆಟ್ರೆ ನಿನಗೆ ಸಂಬಳ ಯಾರು, ಆ ಆಂಟಿ ಕೊಡ್ತಾರಾ? ಆ ಎಪ್ಪತ್ತೆರಡು ಮೆಟ್ಟಿಲಿನದು ಬೇಡ. ಇವರಲ್ಲಿ ಮಂಡಿನೋವಿನವರು ಜಾಸ್ತಿ. ಬೇರೆ ನೋಡು."

ಅವಳು ಬೇರೆ ನೋಡಿದಳು. ಶುಕ್ರವಾರ, ಶನಿವಾರ ಎರಡು ದಿನವೂ ನೋಡಿದಳು. ಫ್ಲಾರೆನ್ಸಿನ ನಕ್ಷೆ ತೆರೆದಾಗಲೆಲ್ಲ ಸ್ಟೇಷನ್ನಿನಿಂದ ಸೇತುವೆಯವರೆಗಿನ ದಾರಿಯ ಮೇಲೆಯೇ ಕಣ್ಣು ಹೋಗುತ್ತಿತ್ತು. ನಡೆದು ಇಪ್ಪತ್ತೈದು ನಿಮಿಷ ಎಂದು ನಕ್ಷೆ ತೋರಿಸುತ್ತಿತ್ತು. ಸೂಟ್‌ಕೇಸ್ ಎಳೆದುಕೊಂಡು, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಹೋಗುವವನಿಗೆ ಎಷ್ಟಾಗುತ್ತದೆಂದು ನಕ್ಷೆಯಲ್ಲಿ ಇರಲಿಲ್ಲ. ಮನೆಯಲ್ಲಿ ಅಮ್ಮ ಯಶೋದಮ್ಮ, "ಏನೇ, ಮುಖ ಹಿಂಗ್ ಊದಿಸ್ಕೊಂಡಿದೀಯ, ಆ ಇಟಲಿ ನಿನ್ನ ಗಂಡನ ಮನೆನಾ?" ಎಂದು ರೇಗಿಸಿದಳು. ರಮ್ಯಶ್ರೀ ನಗಲಿಲ್ಲ. ಶನಿವಾರ ಊಟವಾದ ಮೇಲೆ ತಮ್ಮನ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದುಕೊಂಡು, ನಡೆದದ್ದನ್ನು ನಡೆದ ಹಾಗೆ ಬರೆದು ಕೆಳಗೆ ಸಹಿ ಹಾಕಿದಳು. ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಹೋದರೆ ಹೋಗಲಿ ಎನ್ನುವಷ್ಟು ಧೈರ್ಯವೇನೂ ಇರಲಿಲ್ಲ. ಸೋಮವಾರದ ಮೊದಲು ಇರುವುದು ಭಾನುವಾರ ಒಂದೇ ಎಂಬ ಲೆಕ್ಕ ಮಾತ್ರ ಇತ್ತು.

ಬಸವೇಶ್ವರನಗರದ ಆ ಮನೆಯ ಬಾಗಿಲ ಒಳಬದಿಗೆ ಒಂದು ರಟ್ಟು ನೇತುಹಾಕಿತ್ತು. ಗ್ಯಾಸ್, ಗೀಸರ್, ನಲ್ಲಿ, ಬೀಗ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ವೆಂಕಟಗಿರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು, ತಮ್ಮ ಮನೆಯಲ್ಲಲ್ಲ, ಯಾರದೋ ಮನೆಗೆ ಬಂದವರ ಹಾಗೆ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡಿತ್ತು. ಅದರಲ್ಲಿ ಮನೆಯ ವಿಳಾಸ, ಮಗನ ಫೋನ್ ನಂಬರು.

"ನೀನೇನಮ್ಮ ರಮ್ಯಶ್ರೀ? ಬಾ ಬಾ. ಫೋನಲ್ಲೇ ಪರಿಚಯ, ಎದುರಿಗೆ ಒಂದೇ ಸಲ ನೋಡಿದ್ದು. ಮಾರ್ಚ್ ನಾಲ್ಕನೇ ತಾರೀಖು, ಅಲ್ವಾ? ಹಳದಿ ಚೂಡಿದಾರ್ ಹಾಕಿದ್ದೆ," ಎಂದರು. ಅವಳಿಗೇ ನೆನಪಿರಲಿಲ್ಲ.

ಅನಂತಲಕ್ಷ್ಮಿ ಕಾಫಿ ತಂದರು. ಹುಡುಗಿ ಯಾಕೆ ಬಂದಿದ್ದಾಳೆಂದು ಅವರಿಗೆ ಬಾಗಿಲಲ್ಲೇ ಅಂದಾಜಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ, "ಸಾರ್ ಇದಾರಾ?" ಎಂದರು. ಪಕ್ಕದ ರಸ್ತೆಯ ಕಲ್ಯಾಣಮ್ಮ. ಗಂಡನ ಪೆನ್ಷನ್ನಿನ ಅರ್ಜಿ ಹಿಡಿದುಕೊಂಡಿದ್ದರು. ಆ ಬೀದಿಯಲ್ಲಿ ಯಾರಿಗೆ ಯಾವ ಕಾಗದ ಬಂದರೂ ವೆಂಕಟಗಿರಿಯವರ ಕಣ್ಣು ದಾಟಿಯೇ ಮುಂದೆ ಹೋಗುತ್ತಿತ್ತು.

"ಈಗ ನಾನು ನೋಡಲ್ಲ ಕಲ್ಯಾಣಮ್ಮ. ತಪ್ಪಾದ್ರೆ ನಿಮ್ಮ ದುಡ್ಡು ನಿಂತುಹೋಗುತ್ತೆ," ಎಂದು ಅವರು ಕೂತಲ್ಲಿಂದಲೇ ಹೇಳಿದರು.

"ಏನ್ ಸಾರ್, ಮೂರು ತಿಂಗಳಿಂದ ಹಿಂಗೇ ಅಂತೀರ. ಸೈಬರ್ ಸೆಂಟರ್ ಹುಡುಗ ನಮ್ಮೆಜಮಾನ್ರ ಹೆಸರಲ್ಲಿ ನನ್ನ ಫೋಟೋ ಅಂಟಿಸಿದಾನೆ!"

"ಅವನ ಹತ್ರಾನೇ ಹೋಗಿ ಸರಿ ಮಾಡಿಸಿ."

ಕಲ್ಯಾಣಮ್ಮ ಗೊಣಗುತ್ತ ಹೋದರು. ರಮ್ಯಶ್ರೀ ಕಾಫಿಯ ಲೋಟ ಕೆಳಗಿಟ್ಟು, ಇನ್ನು ತಡಮಾಡಿದರೆ ಆಗುವುದಿಲ್ಲವೆಂದುಕೊಂಡು ಒಂದೇ ಉಸಿರಿಗೆ ಹೇಳಿದಳು. ಮೇ ಒಂಬತ್ತರ ಶುಕ್ರವಾರ ತಾನು ಫೋನ್ ಮಾಡಲಿಲ್ಲ. ಮಾಡದೆಯೇ ಟಿಕ್ ಹಾಕಿದೆ. ಫ್ಲಾರೆನ್ಸಿನಿಂದ ನೀವು ಕೇಳಿದಾಗ ಹೆದರಿ ಸುಳ್ಳು ಹೇಳಿದೆ. ಮೊನ್ನೆ ಆಂಟಿ ಬಂದಾಗಲೂ ಸುಳ್ಳು ಹೇಳಿದೆ. ನೀವು ಏನನ್ನೂ ಮರೆತಿಲ್ಲ ಸಾರ್.

ಅನಂತಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದರು. ಆಮೇಲೆ ಗಂಡನ ತೋಳು ಹಿಡಿದು ಅಲ್ಲಾಡಿಸಿದರು. "ಕೇಳಿಸ್ತಾ? ಹೇಳೇ ಇಲ್ವಂತೆ! ನಾನು ಅವತ್ತಿಂದ ಬಡ್ಕೋತಾ ಇದೀನಿ!"

ವೆಂಕಟಗಿರಿ ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಸಂತೋಷವೂ ಇರಲಿಲ್ಲ. ಸಾಕಷ್ಟು ಹಿಂದೆಯೇ ತೀರ್ಮಾನವಾದ ವಿಷಯವನ್ನು ಮತ್ತೆ ಎತ್ತಿದವರನ್ನು ನೋಡುವಂತೆ ರಮ್ಯಶ್ರೀಯನ್ನು ನೋಡಿದರು.

"ಇವಳು ಆಫೀಸಿಗೆ ಬಂದು ಅತ್ತಳಾ?"

"ಇಲ್ಲ ಸಾರ್."

"ಅತ್ತಿರ್ತಾಳೆ. ನಿನ್ನದು ಒಳ್ಳೆ ಮನಸ್ಸು ಕಣಮ್ಮ. ಆದ್ರೆ ನನಗೆ ಸುಳ್ಳು ಸಮಾಧಾನ ಬೇಡ. ನೀನು ಹೇಳಿದ್ದೆ."

"ಇಲ್ಲ ಸಾರ್, ದೇವ್ರಾಣೆ..."

"ಹೇಳಿದ್ದೆ. ಮೊದಮೊದಲು ನನಗೂ ನೆನಪಿರ್ಲಿಲ್ಲ. ಎಷ್ಟು ದಿನ ಯೋಚನೆ ಮಾಡಿದೀನಿ ಗೊತ್ತಾ? ಆಮೇಲೆ ಒಂದೊಂದಾಗಿ ಬಂತು. ಶುಕ್ರವಾರ ಬೆಳಗ್ಗೆ. ಹಾಲಿನ ಬೂತಿನ ಹತ್ರ. ಅವನ ಹತ್ರ ಚಿಲ್ಲರೆ ಇರ್ಲಿಲ್ಲ, ಎರಡು ಚಾಕ್ಲೇಟ್ ಕೊಟ್ಟ. ಎಡಗೈಲಿ ಹಾಲು, ಬಲಗೈಲಿ ಫೋನು. ನೀನು 'ಸಾರ್, ಹೋಟೆಲ್ ಬದಲಾಗಿದೆ, ಸೇತುವೆ ದಾಟಿ ಹೋಗ್ಬೇಕು' ಅಂದೆ. ನಿನ್ನ ಧ್ವನಿ ಈಗಲೂ ಕಿವೀಲಿದೆ. ನಾನು 'ಆಗ್ಲಮ್ಮ, ಬರ್ಕೋತೀನಿ' ಅಂದೆ. ಮನೆಗೆ ಬಂದೆ, ಬರ್ಕೊಳ್ಳಲಿಲ್ಲ. ಅಷ್ಟೇ ಆಗಿದ್ದು."

ಹಾಲಿನ ಬೂತನ್ನು ರಮ್ಯಶ್ರೀ ಬಸ್ಸಿನ ಅವಸರದಲ್ಲಿ ಕಟ್ಟಿ ಹೇಳಿದ್ದಳು. ಚಾಕಲೇಟು ಅವಳದ್ದಲ್ಲ.

"ನಿಮ್ಮ ಫೋನಲ್ಲಿ ನೋಡಿ ಸಾರ್. ಅವತ್ತು ನಮ್ಮ ಆಫೀಸಿಂದ ಕಾಲ್ ಬಂದಿದ್ರೆ ಇರುತ್ತೆ."

"ಆ ಫೋನ್ ಅಭಿನವ್ ವಾಪಸ್ ತಗೊಂಡು ಎಕ್ಸ್‌ಚೇಂಜಿಗೆ ಹಾಕಿದ. ಈಗ ಇದು," ಎಂದು ಗುಂಡಿ ಒತ್ತುವ ಚಿಕ್ಕ ಫೋನನ್ನು ತೋರಿಸಿದರು.

ಅವಳು ಬ್ಯಾಗಿನಿಂದ ಎರಡು ಹಾಳೆ ತೆಗೆದು ಕೊಟ್ಟಳು. ವೆಂಕಟಗಿರಿ ಕನ್ನಡಕ ಹಾಕಿಕೊಂಡು ಓದಿದರು. ಮೊದಲ ಹಾಳೆ ಮುಗಿಸಿ ಎರಡನೆಯದು, ಎರಡನೆಯದು ಮುಗಿಸಿ ಮತ್ತೆ ಮೊದಲನೆಯದು. ಓದುವಾಗ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ತಾರೀಖು ಹಾಕಿಲ್ಲ," ಎಂದರು ವೆಂಕಟಗಿರಿ. "ಯಾರಿಗೆ ಬರೆದದ್ದು ಅಂತ ಮೇಲೆ ಇಲ್ಲ. ಇಲ್ಲಿ ಮಂಗಳವಾರ ಅಂದಿದೀಯ, ಆ ಪುಟದಲ್ಲಿ ಹನ್ನೆರಡನೇ ತಾರೀಖು ಅಂದಿದೀಯ. ಮಂಗಳವಾರ ಹದಿಮೂರು. ಇಂಥ ಕಾಗದ ಎಲ್ಲೂ ನಿಲ್ಲಲ್ಲ ಕಣಮ್ಮ." ಹಾಳೆಗಳ ಅಂಚು ಸೇರಿಸಿ ಮಡಿಸಿ ಅವಳ ಕೈಗೇ ಕೊಟ್ಟರು. "ನಿಂತ್ರೂ ನಿನ್ನ ಕೆಲಸ ಹೋಗುತ್ತೆ. ನನ್ನ ಮರೆವಿಗೆ ನೀನು ಯಾಕೆ ಕೆಲಸ ಕಳ್ಕೋಬೇಕು?"

"ನೋಡ್ದೆಯಾ?" ಅನಂತಲಕ್ಷ್ಮಿ ರಮ್ಯಶ್ರೀಗೆ ಹೇಳಿದರು. "ಇದು ಮರೆವಿನವರು ಓದೋ ರೀತಿನಾ?" ಆಗಲೇ ಅವರು ಮಗನಿಗೆ ಫೋನ್ ಮಾಡುತ್ತಿದ್ದರು. ಸ್ಪೀಕರ್ ಹಾಕಿ, ಏದುಸಿರಿನಲ್ಲೇ ಎಲ್ಲ ಹೇಳಿದರು. ರಮ್ಯಶ್ರೀಯೂ ಹೇಳಿದಳು. ಅಭಿನವ್ ಸಿಟ್ಟಾಗುತ್ತಾನೆಂದು ಅವಳು ಕಾದಳು. ಬೈದರೆ ಒಳ್ಳೆಯದು ಎನಿಸಿತ್ತು. ಆದರೆ ಅವನು ಬೈಯಲಿಲ್ಲ. ಅವನ ಧ್ವನಿಯಲ್ಲಿಯೂ ಒಂದು ಆಸೆ ಇತ್ತು.

"ಅಪ್ಪ, ಇದೀರಾ? ಒಂದ್ನಿಮಿಷ ಯೋಚನೆ ಮಾಡಿ ಹೇಳಿ. ಈ ಹುಡುಗಿ ಶುಕ್ರವಾರ ನಿಮಗೆ ಫೋನ್ ಮಾಡಿದ್ರಾ, ಇಲ್ವಾ?"

ಅನಂತಲಕ್ಷ್ಮಿ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದರು. "ಇಲ್ಲ ಅನ್ನಿ," ಎಂದು ಪಿಸುಗುಟ್ಟಿದರು. "ನನಗೋಸ್ಕರ."

"ಮಾಡಿದ್ರು ಕಣೋ," ಎಂದರು ವೆಂಕಟಗಿರಿ. "ನನಗೆ ಚೆನ್ನಾಗಿ ನೆನಪಿದೆ."

ಆ ಕಡೆಯಿಂದ ಅಭಿನವ್ ಉಸಿರು ಬಿಟ್ಟಿದ್ದು ಕೇಳಿಸಿತು. "ಸರಿ ಬಿಡಿ ಅಮ್ಮ. ನಾಳೆ ಒಂಬತ್ತಕ್ಕೆ ರೆಡಿಯಾಗಿರಿ. ಟ್ರಾಫಿಕ್ ಇರುತ್ತೆ," ಎಂದು ಇಟ್ಟುಬಿಟ್ಟ.

ಅನಂತಲಕ್ಷ್ಮಿ ಲೋಟಗಳನ್ನು ಒಂದರೊಳಗೊಂದು ಸೇರಿಸಿದರು, ಬಿಡಿಸಿದರು, ಮತ್ತೆ ಸೇರಿಸಿದರು. ಹುಡುಗಿಯನ್ನು ಬೈಯಲು ಅವರಿಗೆ ಆಗಲೂ ಹಕ್ಕಿತ್ತು. ಒಂದು ಸಲ ಮಾತ್ರ, ತಲೆ ಎತ್ತದೆ, "ಅವತ್ತು ಫೋನಲ್ಲೇ ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದರು.

ರಮ್ಯಶ್ರೀ ಎದ್ದಳು. ವೆಂಕಟಗಿರಿ ಚಪ್ಪಲಿ ಮೆಟ್ಟಿಕೊಂಡರು. ಬೇಡ ಎಂದರೂ ಕೇಳದೆ ಬಸ್ ಸ್ಟಾಪಿನವರೆಗೆ ಹೊರಟರು. ಅನಂತಲಕ್ಷ್ಮಿ ಬಾಗಿಲೆಳೆದುಕೊಂಡು ಹತ್ತು ಹೆಜ್ಜೆ ಹಿಂದೆ ಬಂದರು. ಒಬ್ಬರನ್ನೇ ಹೊರಗೆ ಕಳಿಸಬಾರದೆಂದು ಮಗ ಹೇಳಿದ್ದ. ಗಂಡ ತಿರುಗಿ ನೋಡಿದರೆ ಎಂದು ಅವರು ಯಾರದೋ ಕಾಂಪೌಂಡಿನ ದಾಸವಾಳ ನೋಡುವ ಹಾಗೆ ಮಾಡುತ್ತಿದ್ದರು.

ದಾರಿಯುದ್ದಕ್ಕೂ ವೆಂಕಟಗಿರಿ ಮಾತಾಡಿದರು. ಉಲ್ಲಾಳಕ್ಕೆ ಇಲ್ಲಿಂದ ನೇರ ಬಸ್ಸಿಗೆ ಕಾಯಬೇಡ, ವಿಜಯನಗರದಲ್ಲಿ ಇಳಿದು ಬದಲಾಯಿಸು. ಮುಂದಿನ ಬಾಗಿಲಲ್ಲಿ ಹತ್ತು, ಹಿಂದೆ ನೂಕುನುಗ್ಗಲು. ಫ್ರೀ ಟಿಕೆಟ್ಟಾದರೂ ಕೇಳಿ ತಗೋ, ಕಾಗದ ಕೈಯಲ್ಲಿರಬೇಕು. ಅಷ್ಟೂ ಸರಿಯಾಗಿತ್ತು. ಬಸ್ಸು ಬಂತು. ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅವಳು ಹತ್ತಿ, ಸೀಟು ಸಿಗದೆ, ಕಂಬಿ ಹಿಡಿದು ಬಗ್ಗಿ ಕಿಟಕಿಯಾಚೆ ನೋಡಿದಳು.

ಸಿಗ್ನಲ್ ಬಿದ್ದದ್ದರಿಂದ ಬಸ್ಸು ಹೊರಡಲಿಲ್ಲ. ವೆಂಕಟಗಿರಿ ಬಂದ ದಾರಿಯಲ್ಲೇ ವಾಪಸು ನಡೆದು ಮೊದಲ ಅಡ್ಡರಸ್ತೆಯವರೆಗೆ ಹೋದರು. ಮೂವತ್ತೊಂದು ವರ್ಷದಿಂದ ದಿನಾ ಎರಡು ಸಲ ಮನೆಯ ಕಡೆಗೆ ಎಡಕ್ಕೆ ತಿರುಗಿದ ಮೂಲೆ ಅದು. ಅಲ್ಲಿ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅನಂತಲಕ್ಷ್ಮಿ ಹತ್ತಿರ ಬಂದು ಎಡಕ್ಕೆ ಕೈ ತೋರಿಸುವವರೆಗೂ ಅಲ್ಲೇ ನಿಂತಿದ್ದರು.